ಹಾಸಿಗೆ ಹಿಡಿಯದವರ ಲೆಕ್ಕ

ಮೈಸೂರು ಅರಸರ ಆಳ್ವಿಕೆಯಲ್ಲಿ, 19ನೆಯ ಶತಮಾನದ ಕೊನೆಯ ಭಾಗದಲ್ಲಿ, ಸುವರ್ಣಮುಖಿ ನದಿಗೆ ಅಡ್ಡಲಾಗಿ ಕಟ್ಟಿದ ಬೋರನಕಣಿವೆ ಜಲಾಶಯವು ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿದೆ. ಅಲ್ಲಿಂದ ತಿಪಟೂರು, ತುರುವೇಕೆರೆಗಳ ಕಡೆಗೆ ಹೊರಟರೆ ದಾರಿಯುದ್ದಕ್ಕೂ ತೆಂಗಿನ ತೋಟಗಳು ಜೊತೆಗೂಡುತ್ತವೆ. ಈ ಸೀಮೆಯ ತೋಟಗಾರನಿಗೆ ಮರದ ಕಾಯಿಲೆಗಳು ಹೊಸತಲ್ಲ. ಅಣಬೆ ರೋಗ, ರಸ ಸೋರುವ ರೋಗ, ಕಪ್ಪುತಲೆ ಹುಳು, ಎಲ್ಲವನ್ನೂ ಆತ ಕಂಡಿದ್ದಾನೆ. 1998ರಲ್ಲಿ ಕೇರಳದಲ್ಲಿ ಮೊದಲು ಕಾಣಿಸಿಕೊಂಡ ನುಸಿ ಕೆಲವೇ ವರ್ಷಗಳಲ್ಲಿ ಕರ್ನಾಟಕದ ತೋಟಗಳನ್ನೂ ಹೊಕ್ಕಿತು. ಕಾಯಿಯ ತೊಟ್ಟಿನ ಕೆಳಗೆ ಕಂದು ಕಲೆ ಎದ್ದು, ಸಿಪ್ಪೆ ಸೀಳಿ, ಕಾಯಿ ಸಣ್ಣದಾಯಿತು. ಆದರೆ ಎಲ್ಲ ಮರಗಳ ಕಾಯಿಯೂ ಒಂದೇ ಸಮನಾಗಿ ಕೆಡಲಿಲ್ಲ. ಒಂದೇ ಮಣ್ಣು, ಒಂದೇ ನೀರು. ಒಂದು ಮರದ ಗೊನೆಯೆಲ್ಲ ಕಲೆ, ಪಕ್ಕದ ಮರದ ಗೊನೆಗೆ ಅಷ್ಟಾಗಿ ಬಾಧೆಯಿಲ್ಲ.

ಇಂಥ ಹೊತ್ತಿನಲ್ಲಿ ತೋಟಗಾರನ ಗಮನವೆಲ್ಲ ಕೆಟ್ಟ ಮರದ ಮೇಲೆಯೇ ಇರುವುದು ಸಹಜ. ಔಷಧ ಅದಕ್ಕೆ, ಆರೈಕೆ ಅದಕ್ಕೆ, ಚಿಂತೆಯೂ ಅದಕ್ಕೆ. ಕೆಡದೆ ನಿಂತ ಮರವನ್ನು ಯಾರೂ ವಿಚಾರಿಸುವುದಿಲ್ಲ. ಕಾಸರಗೋಡಿನ ಕೇಂದ್ರೀಯ ತೋಟಬೆಳೆಗಳ ಸಂಶೋಧನ ಸಂಸ್ಥೆಯ ವಿಜ್ಞಾನಿಗಳಾದರೋ ಇದಕ್ಕೆ ವಿರುದ್ಧವಾದ ಹಾದಿ ಹಿಡಿದರು. ಕೇರಳದ ತೆಂಗನ್ನು ದಶಕಗಳ ಕಾಲ ಕಾಡಿದ ಬೇರು ಸೊರಗು ರೋಗದ ಸೀಮೆಯಲ್ಲಿಯೇ ತಿರುಗಿ, ರೋಗಿ ಮರಗಳ ನಡುವೆ ಆರೋಗ್ಯದಿಂದ ನಿಂತ ಮರಗಳನ್ನು ಹುಡುಕಿ ಗುರುತು ಮಾಡಿ, ಅವುಗಳಿಂದ ‘ಕಲ್ಪಶ್ರೀ’, ‘ಕಲ್ಪರಕ್ಷ’ ಎಂಬ ತಳಿಗಳನ್ನು ಆಯ್ದರು. ಕೆಟ್ಟುದನ್ನು ನೋಡಿ ರೋಗವನ್ನು ತಿಳಿಯಬಹುದು. ಅದನ್ನು ತಡೆಯುವ ಬಗೆಯನ್ನು ತಿಳಿಯಬೇಕಾದರೆ ಕೆಡದೆ ಉಳಿದುದನ್ನು ನೋಡಬೇಕು. ಈ ಮಾತು ಮರಗಳಿಗೆ ಹೇಗೋ ಮನುಷ್ಯರಿಗೂ ಹಾಗೆಯೇ ಸಲ್ಲುತ್ತದೆ.

2020 ಮತ್ತು 2021ರ ಕೊರೋನಾ ದಿನಗಳನ್ನು ವಾಚಕರು ಮರೆತಿರಲಾರರು. ಪಟ್ಟಣದಲ್ಲಾಗಲಿ ಹಳ್ಳಿಯಲ್ಲಾಗಲಿ ಆಗ ಅನೇಕ ಮನೆಗಳಲ್ಲಿ ಒಂದು ವಿಚಿತ್ರ ಕಂಡುಬಂದಿತು. ಯಜಮಾನ ಹಾಸಿಗೆ ಹಿಡಿದ, ಮಗನಿಗೂ ಜ್ವರ, ಆದರೆ ಇಬ್ಬರಿಗೂ ಗಂಜಿ ಕಾಯಿಸಿ ಕೊಟ್ಟು, ಹಗಲಿರುಳು ಬಳಿಯಲ್ಲೇ ಇದ್ದು ಉಪಚರಿಸಿದ ಸೊಸೆಗೆ ಒಂದು ಕೆಮ್ಮೂ ಬರಲಿಲ್ಲ. “ಅವಳ ಮೈ ಗಟ್ಟಿ” ಎಂದು ಅತ್ತೆ, “ದೇವರ ದಯೆ” ಎಂದು ನೆರೆಯವರು, “ಎಲ್ಲ ಕಷಾಯದ ಮಹಿಮೆ” ಎಂದು ಸೋದರಮಾವ. ಮೂವರೂ ತಮ್ಮ ತಮ್ಮ ಉತ್ತರದಿಂದ ತೃಪ್ತರಾದರು. ವಿಜ್ಞಾನಕ್ಕೆ ಮಾತ್ರ ತೃಪ್ತಿಯಾಗಲಿಲ್ಲ.

ವೈದ್ಯಶಾಸ್ತ್ರಜ್ಞರು ಮೊದಲು ಮಾಡುವ ಕೆಲಸ ‘ಬಾರದವರು’ ಎಂಬ ಒಂದೇ ಮಾತನ್ನು ಮೂರಾಗಿ ಬಿಡಿಸುವುದು. ವೈರಸ್ಸು ಮೈಯ ಸಮೀಪಕ್ಕೇ ಸುಳಿಯದೆ ಉಳಿದವರು ಒಂದು ಬಗೆ. ಇವರದು ಕೇವಲ ಅದೃಷ್ಟ. ವೈರಸ್ಸು ಮೈಗೆ ಸೇರಿದರೂ ಜ್ವರವಾಗಲಿ ನೋವಾಗಲಿ ತೋರದೆ ಗೆದ್ದವರು ಎರಡನೆಯ ಬಗೆ. ವೈರಸ್ಸು ಬಾಗಿಲಿಗೆ ಬಂದರೂ ಒಳಗೆ ಬೇರೂರಲು ಬಿಡದವರು ಮೂರನೆಯವರು. ಹೊರಗಿನಿಂದ ನೋಡುವವರಿಗೆ ಮೂವರೂ ಒಂದೇ. ಮೇಲೆ ಹೇಳಿದ ಸೊಸೆ ಇವರಲ್ಲಿ ಯಾರೆಂಬುದನ್ನು ಹೇಳಲು ಆಕೆಯ ರಕ್ತಪರೀಕ್ಷೆಯಾಗಿರಬೇಕು, ಅದೂ ಸಕಾಲದಲ್ಲಿ ಆಗಿರಬೇಕು, ಆದುದನ್ನು ಯಾರಾದರೂ ಬರೆದಿಟ್ಟಿರಬೇಕು.

ಇಂಥವರನ್ನು ಹುಡುಕುವುದರಿಂದ ಪ್ರಯೋಜನವೇನು ಎಂದು ಕೇಳುವವರಿಗೆ ಎಚ್‌ಐವಿಯ ಇತಿಹಾಸವೇ ಉತ್ತರ. ಆ ವೈರಸ್ಸಿನ ಸಂಪರ್ಕಕ್ಕೆ ಮತ್ತೆ ಮತ್ತೆ ಬಂದರೂ ಸೋಂಕು ತಗುಲದ ಕೆಲವರು ಇದ್ದರು. 1996ರಲ್ಲಿ ಅವರ ರಕ್ತಕಣಗಳನ್ನು ಪರೀಕ್ಷಿಸಿದಾಗ ಗುಟ್ಟು ಹೊರಬಿತ್ತು. ಕಣದೊಳಗೆ ಹೋಗಲು ಎಚ್‌ಐವಿ ಬಳಸುವ ‘ಸಿಸಿಆರ್-5’ ಎಂಬ ಬಾಗಿಲು ಅವರ ಕಣಗಳ ಮೇಲೆ ಇರಲೇ ಇಲ್ಲ. ತಂದೆ ತಾಯಿ ಇಬ್ಬರಿಂದಲೂ ಬಂದ ಒಂದು ಸಣ್ಣ ಆನುವಂಶಿಕ ಲೋಪವೇ ಅವರಿಗೆ ಕವಚವಾಗಿತ್ತು. ಈ ಅರಿವಿನ ಫಲವಾಗಿ ಆ ಬಾಗಿಲನ್ನು ಮುಚ್ಚುವ ಮರಾವಿರಾಕ್ ಎಂಬ ಔಷಧ 2007ರಲ್ಲಿ ಬಳಕೆಗೆ ಬಂದಿತು. ಅದೇ ವರ್ಷ ಬರ್ಲಿನ್ ನಗರದಲ್ಲಿ, ರಕ್ತದ ಕ್ಯಾನ್ಸರಿನಿಂದಲೂ ಎಚ್‌ಐವಿಯಿಂದಲೂ ನರಳುತ್ತಿದ್ದ ಟಿಮೊಥಿ ರೇ ಬ್ರೌನ್ ಎಂಬಾತನಿಗೆ ಅಂಥದೇ ಕವಚವುಳ್ಳ ದಾನಿಯ ಅಸ್ಥಿಮಜ್ಜೆಯ ಕಣಗಳನ್ನು ಕೊಟ್ಟರು. ಆತ ಎಚ್‌ಐವಿಯಿಂದ ಪೂರ್ಣವಾಗಿ ಮುಕ್ತನಾದ ಮೊದಲ ಮನುಷ್ಯನೆನಿಸಿದ. 2020ರಲ್ಲಿ ಆತ ತೀರಿಕೊಂಡುದು ಮರುಕಳಿಸಿದ ಕ್ಯಾನ್ಸರಿನಿಂದ. ರೋಗ ತಾಗದವನ ಮೈಯಲ್ಲಿದ್ದ ಗುಟ್ಟು ರೋಗಿಗೆ ಮದ್ದಾದ ಕಥೆಯಿದು.

ಆದರೆ ಇಂಥವರನ್ನು ಹುಡುಕುವುದೆಲ್ಲಿ? ಆಸ್ಪತ್ರೆಯ ಪುಸ್ತಕದಲ್ಲಿ ಎಂದರೆ, ಅಲ್ಲಿಯೇ ತೊಡಕು. ಆಸ್ಪತ್ರೆಯ ಪುಸ್ತಕದಲ್ಲಿರುವುದು ಆಸ್ಪತ್ರೆಗೆ ಹೋದವರ ಹೆಸರು. ಕಾಯಿಲೆ ಬೀಳದವನು ಏಕೆ ಹೋದಾನು?

ಮಲೆನಾಡಿನ ಮಂಗನ ಕಾಯಿಲೆಯನ್ನೇ ನೋಡಬಹುದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಣ ಹಳ್ಳಿಗಳ ಜನ ಜ್ವರದಿಂದ ಬಿದ್ದರು. ಪೂನಾದ ವೈರಸ್ ಸಂಶೋಧನ ಕೇಂದ್ರದವರು ಬಂದು ಹೊಸದೊಂದು ವೈರಸ್ಸನ್ನು ಪತ್ತೆಹಚ್ಚಿದರು. ಅದನ್ನು ಹರಡುವುದು ಉಣುಗು ಎಂಬುದನ್ನೂ ಸ್ಥಾಪಿಸಿದರು. ಆ ಕಾಡಿನ ಹೆಸರು ಪ್ರಪಂಚದ ವೈದ್ಯಗ್ರಂಥಗಳನ್ನು ಸೇರಿತು. ಜ್ವರ ಬಂದವರಲ್ಲಿ ನೂರಕ್ಕೆ ಮೂವರಿಂದ ಐವರು ಸಾಯುವ ಈ ಕಾಯಿಲೆಗೆ ಹಿಂದಿನಿಂದ ಕೊಡುತ್ತಿದ್ದ ಲಸಿಕೆಯನ್ನು, ಅದರ ಬಲ ಸಾಲದೆಂದು, 2022ರಲ್ಲಿ ನಿಲ್ಲಿಸಬೇಕಾಯಿತು. ಸೌದೆಗೆಂದೋ ತರಗೆಲೆಗೆಂದೋ ಒಂದೇ ಕಾಡಿಗೆ ಹೋದವರಲ್ಲಿ ಒಬ್ಬ ಬಿದ್ದ, ಇನ್ನೊಬ್ಬ ಬೀಳಲಿಲ್ಲ. ಬಿದ್ದವನಿಗೆ ಪಟ್ಟಿಯಲ್ಲಿ ಸ್ಥಾನ ದೊರೆಯಿತು. ಬೀಳದವನು ಸೌದೆಯ ಹೊರೆ ಇಳಿಸಿ, ಊಟ ಮಾಡಿ ಮಲಗಿದ. ಅವನ ಹೆಸರು ಎಲ್ಲಿಯೂ ಸೇರಲಿಲ್ಲ.

ಈ ಕೊರತೆ ಎಷ್ಟು ದೊಡ್ಡದೆಂಬುದನ್ನು 2020ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ನಡೆಸಿದ ಸಮೀಕ್ಷೆ ತೋರಿಸಿಕೊಟ್ಟಿತು. ರಾಜ್ಯದ ಎಲ್ಲ ಜಿಲ್ಲೆಗಳಿಂದ ಹದಿನೈದು ಸಾವಿರಕ್ಕೂ ಹೆಚ್ಚು ಮಂದಿಯನ್ನು ಪರೀಕ್ಷಿಸಿ, ಹಿಂದೆ ಸೋಂಕು ತಗುಲಿದ್ದಕ್ಕೆ ಸಾಕ್ಷಿಯಾದ ಪ್ರತಿಕಾಯಗಳನ್ನೂ ಆಗ ಇದ್ದ ಸೋಂಕನ್ನೂ ಲೆಕ್ಕ ಹಾಕಿದರು. ನೂರಕ್ಕೆ ಸುಮಾರು 27 ಮಂದಿಗೆ ಆ ವೇಳೆಗೆ ಸೋಂಕು ಮುಟ್ಟಿತ್ತು. ಸರ್ಕಾರದ ದಾಖಲೆಗೆ ಸಿಕ್ಕ ಒಬ್ಬೊಬ್ಬನ ಹಿಂದೆಯೂ ದಾಖಲೆಗೆ ಸಿಗದ ಸುಮಾರು 40 ಮಂದಿ ಇದ್ದರೆಂದು ಅಂದಾಜಾಯಿತು. ಅವರಲ್ಲಿ ಅನೇಕರಿಗೆ ತಮಗೆ ಸೋಂಕು ಬಂದು ಹೋದುದೇ ತಿಳಿದಿರಲಿಲ್ಲ. ದಾಖಲೆಯೆಂಬ ಜರಡಿಯಲ್ಲಿ ನಿಂತುದು ಒಂದು ಕಾಳು. ಉಳಿದುದೆಲ್ಲ ಕೆಳಗೆ ಇಳಿದುಹೋಯಿತು.

ಈಗ ಗಣಕಯಂತ್ರದ ಮಾತಿಗೆ ಬರಬಹುದು. ‘ಯಂತ್ರಕಲಿಕೆ’ ಎಂಬ ಮಾತು ಇಂದು ಎಲ್ಲರ ಕಿವಿಗೂ ಬಿದ್ದಿದೆ. ಅದರ ತಿರುಳನ್ನು ತಿಳಿಯಲು ತಿಪಟೂರು ಸೀಮೆಯ ಅಟ್ಟವನ್ನು ಹತ್ತಿದರೆ ಸಾಕು. ಉಂಡೆ ಕೊಬ್ಬರಿ ಮಾಡುವ ಮನೆಗಳಲ್ಲಿ ಬಲಿತ ಕಾಯನ್ನು ಸಿಪ್ಪೆಸಹಿತ ಅಟ್ಟದ ಮೇಲೆ ಸುಮಾರು ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಕರಟವನ್ನು ಬಿಟ್ಟಾಗ, ಕಾಯನ್ನು ಅಲ್ಲಾಡಿಸಿದರೆ ಗಡಗಡ ಸದ್ದು ಬರುತ್ತದೆ. ಪಳಗಿದ ಕೈ ಆ ಸದ್ದು ಮತ್ತು ತೂಕದಿಂದಲೇ ಒಳಗಿನ ಕೊಬ್ಬರಿ ಹೇಗಿದೆಯೆಂದು ಹೇಳಿಬಿಡುತ್ತದೆ. ಆ ವಿದ್ಯೆಯನ್ನು ಯಾವ ಪುಸ್ತಕವೂ ಕಲಿಸಿದ್ದಲ್ಲ. ಸಾವಿರಾರು ಕಾಯಿಗಳನ್ನು ಅಲ್ಲಾಡಿಸಿ, ಸುಲಿದು, ಒಡೆದು ನೋಡಿ, ಊಹೆ ಸರಿಯೋ ತಪ್ಪೋ ಎಂದು ಪ್ರತಿಸಲವೂ ತಾಳೆ ನೋಡಿದುದರಿಂದ ಬಂದ ತಿಳಿವು ಅದು. ಯಂತ್ರವೂ ಹೀಗೆಯೇ ಕಲಿಯುತ್ತದೆ. ಲಕ್ಷಾಂತರ ಜನರ ವಯಸ್ಸು, ಹಿಂದಿನ ಕಾಯಿಲೆಗಳು, ಹಾಕಿಸಿದ ಲಸಿಕೆಗಳು, ರಕ್ತಪರೀಕ್ಷೆಯ ಅಂಕಿಗಳು, ಆನುವಂಶಿಕ ಲಿಪಿ, ಇವುಗಳ ಜೊತೆಗೆ ಯಾರಿಗೆ ಸೋಂಕು ಬಂತು, ಯಾರಿಗೆ ಬರಲಿಲ್ಲ ಎಂಬ ಫಲವನ್ನೂ ಅದಕ್ಕೆ ಒಪ್ಪಿಸುತ್ತಾರೆ. ಮನುಷ್ಯನ ಕಣ್ಣಿಗೆ ಕಾಣದ ಸಂಬಂಧಗಳನ್ನು ಅದು ಹೆಕ್ಕಿ ತೋರಿಸುತ್ತದೆ.

ಆದರೆ ಕಾಯಿ ಒಡೆದು ನೋಡಿ ತಾಳೆ ಹಾಕದವನ ಊಹೆಗೆ ಬೆಲೆಯೆಷ್ಟು? ಯಂತ್ರಕ್ಕೆ ಕೊಟ್ಟ ಫಲವೇ ತಪ್ಪಾಗಿದ್ದರೆ ಅದು ತಪ್ಪನ್ನೇ ಬಹಳ ಶ್ರದ್ಧೆಯಿಂದ ಕಲಿಯುತ್ತದೆ. ಸೋಂಕು ಬಂದೂ ಪರೀಕ್ಷೆ ಮಾಡಿಸದವರನ್ನೆಲ್ಲ ‘ಬಾರದವರು’ ಎಂದು ಬರೆದುಕೊಟ್ಟರೆ, ಯಂತ್ರ ಕಂಡುಹಿಡಿಯುವ ಗುಟ್ಟು ರೋಗನಿರೋಧದ್ದಾಗಿರುವುದಿಲ್ಲ. ಆಸ್ಪತ್ರೆ ದೂರವಿರುವ ಊರಿನದ್ದಾಗಿರುತ್ತದೆ. ಬೋರನಕಣಿವೆಯ ಆಸುಪಾಸಿನ ಹಳ್ಳಿಯವನು ಪರೀಕ್ಷೆಗೆಂದು ಹುಳಿಯಾರಿಗೋ ಚಿಕ್ಕನಾಯಕನಹಳ್ಳಿಗೋ ಹೋಗಬೇಕು. ಒಂದು ದಿನದ ಕೂಲಿ ಹೋಗುತ್ತದೆ. ಬೆಂಗಳೂರಿನವನು ಬೀದಿಯ ತಿರುವಿನಲ್ಲೇ ಮಾಡಿಸಿಕೊಳ್ಳುತ್ತಾನೆ. ಇಬ್ಬರ ದಾಖಲೆಗಳನ್ನೂ ಒಂದೇ ತಕ್ಕಡಿಗೆ ಹಾಕಿದರೆ ಹಳ್ಳಿಯವನ ಮೈ ಉಕ್ಕಿನದೆಂದು ಯಂತ್ರ ಸಾರಬಹುದು. ವಾಸ್ತವದಲ್ಲಿ ಅವನ ಬಳಿ ಇಲ್ಲದ್ದು ರೋಗವಲ್ಲ, ಚೀಟಿ.

ಇದು ಬರಿಯ ತರ್ಕವಲ್ಲ, ನಡೆದುಹೋದ ಸಂಗತಿ. ಎದೆಯ ಕ್ಷಕಿರಣ ಚಿತ್ರಗಳನ್ನು ನೋಡಿ ಕೊರೋನಾವನ್ನು ಗುರುತಿಸುವ ಯಂತ್ರಗಳನ್ನು 2020ರಲ್ಲಿ ನಾನಾ ದೇಶಗಳವರು ಪೈಪೋಟಿಯಿಂದ ರೂಪಿಸಿದರು. 2021ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಸಂಶೋಧಕರ ನೇತೃತ್ವದಲ್ಲಿ ಅಂಥ 2,212 ಬರಹಗಳನ್ನು ಕಲೆಹಾಕಿ, ಅವುಗಳಲ್ಲಿ ಗಟ್ಟಿಯೆನಿಸಿದ 62ನ್ನು ಆರಿಸಿ ಪರೀಕ್ಷಿಸಿದರು. ರೋಗಿಯ ಹಾಸಿಗೆಯ ಬಳಿ ಬಳಸಲು ಯೋಗ್ಯವಾದುದು ಅವುಗಳಲ್ಲಿ ಒಂದೂ ಇರಲಿಲ್ಲ. ಕೆಲವರು ಕೊರೋನಾ ರೋಗಿಗಳೆಂದು ವಯಸ್ಕರ ಚಿತ್ರಗಳನ್ನೂ ಕೊರೋನಾ ಇಲ್ಲದವರೆಂದು ಮಕ್ಕಳ ಚಿತ್ರಗಳನ್ನೂ ಯಂತ್ರಕ್ಕೆ ಕೊಟ್ಟಿದ್ದರು. ಯಂತ್ರ ಕಲಿತದ್ದು ಮಗುವಿನ ಎದೆಗೂ ದೊಡ್ಡವರ ಎದೆಗೂ ಇರುವ ವ್ಯತ್ಯಾಸವನ್ನು! ಕೊಬ್ಬರಿಯ ಪರೀಕ್ಷೆಗೆ ಕುಳಿತ ಹುಡುಗ ಕಾಯಿಯ ಸದ್ದನ್ನು ಬಿಟ್ಟು, ಒಳ್ಳೆಯ ಕಾಯಿ ಯಾವ ಮೂಲೆಯ ರಾಶಿಯಲ್ಲಿದೆ ಎಂಬುದನ್ನು ನೆನಪಿಟ್ಟುಕೊಂಡ ಹಾಗೆ.

ಹಾಗೆಂದು ಈ ಹಾದಿಯೇ ವ್ಯರ್ಥವೆನ್ನಲಾಗದು. ದಾಖಲೆ ನೆಟ್ಟಗಿದ್ದಲ್ಲಿ ಫಲ ದೊರೆತಿದೆ. ಅಮೆರಿಕದಲ್ಲಿ ಅಸ್ಥಿಮಜ್ಜೆಯ ದಾನಕ್ಕೆಂದು ಹೆಸರು ಕೊಟ್ಟ ಲಕ್ಷಾಂತರ ಮಂದಿಯ ಆನುವಂಶಿಕ ವಿವರಗಳು ಮೊದಲೇ ಸಂಗ್ರಹದಲ್ಲಿದ್ದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಜಿಲ್ ಹಾಲೆನ್‌ಬಾಕ್ ಎಂಬ ವಿದುಷಿ ಮತ್ತು ಅವರ ಸಂಗಡಿಗರು ಅವರಲ್ಲಿ ಸುಮಾರು 30,000 ಮಂದಿಯನ್ನು ಒಪ್ಪಿಸಿ, ಮೊಬೈಲ್ ಫೋನಿನ ಮೂಲಕ ಅವರ ಆರೋಗ್ಯವನ್ನು ಬಿಡದೆ ವಿಚಾರಿಸಿದರು. ಲಸಿಕೆ ದೊರೆಯುವ ಮುನ್ನ ಸೋಂಕಿತರಾದ 1,428 ಮಂದಿಯಲ್ಲಿ 136 ಮಂದಿಗೆ ಒಂದು ಲಕ್ಷಣವೂ ಕಾಣಲಿಲ್ಲ. ಹೀಗೆ ಲಕ್ಷಣವಿಲ್ಲದೆ ಗೆದ್ದವರಲ್ಲಿ ಐವರಿಗೊಬ್ಬರು ‘ಎಚ್‌ಎಲ್‌ಎ-ಬಿ 15:01’ ಎಂಬ ಜೀನಿನ ರೂಪವನ್ನು ಹೊತ್ತಿದ್ದರು. ನರಳಿದವರಲ್ಲಿ ಅದು ನೂರಕ್ಕೆ ಒಂಬತ್ತು ಮಂದಿಯಲ್ಲಿ ಮಾತ್ರ. 2023ರಲ್ಲಿ ಪ್ರಕಟವಾದ ಈ ಅಧ್ಯಯನ ಕಾರಣವನ್ನೂ ಮುಟ್ಟಿತು. ಆ ಜೀನುಳ್ಳವರ ರಕ್ಷಕ ಕಣಗಳಲ್ಲಿ ಕೆಲವು, ಹಿಂದೆಂದೋ ಬಂದ ಸಾಮಾನ್ಯ ನೆಗಡಿಯ ವೈರಸ್ಸಿನ ನೆನಪಿನಿಂದಲೇ ಹೊಸ ವೈರಸ್ಸನ್ನು ಗುರುತಿಸಿ ಎರಗಬಲ್ಲವಾಗಿದ್ದವು.

ಲಂಡನ್ನಿನಲ್ಲಿ ಇನ್ನೂ ದಿಟ್ಟವಾದ ಪ್ರಯೋಗ ನಡೆಯಿತು. 2021ರಲ್ಲಿ ಆರೋಗ್ಯವಂತರಾದ 36 ತರುಣ ತರುಣಿಯರು ತಾವಾಗಿ ಮುಂದೆ ಬಂದು, ವೈದ್ಯರ ಕಣ್ಗಾವಲಿನಲ್ಲಿ ಮೂಗಿಗೆ ವೈರಸ್ಸಿನ ಹನಿ ಹಾಕಿಸಿಕೊಂಡರು. ಸಮೀಪಕ್ಕೆ ಬಂದಿತೋ ಇಲ್ಲವೋ ಎಂಬ ಸಂದೇಹಕ್ಕೆ ಅಲ್ಲಿ ಎಡೆಯೇ ಇರಲಿಲ್ಲ. ಆದರೂ ಸೋಂಕು ನೆಲೆಯೂರಿದುದು 18 ಮಂದಿಯಲ್ಲಿ ಮಾತ್ರ. ಅವರಲ್ಲಿ ಕೆಲವರ ಕಣಗಳನ್ನು ಒಂದೊಂದಾಗಿ ಗಣಕದ ನೆರವಿನಿಂದ ಪರಿಶೀಲಿಸಿದ ವರದಿ 2024ರಲ್ಲಿ ಹೊರಬಂದಿತು. ವೈರಸ್ಸನ್ನು ತಡೆದವರ ಮೈಯಲ್ಲಿ ‘ಎಚ್‌ಎಲ್‌ಎ-ಡಿಕ್ಯೂಎ2’ ಎಂಬ ಜೀನು ಮೊದಲಿನಿಂದಲೇ ಹೆಚ್ಚು ಚುರುಕಾಗಿತ್ತು ಎಂಬುದು ಅದರಲ್ಲಿನ ಒಂದು ಸುಳಿವು.

ಇವೆಲ್ಲ ದೂರದ ದೇಶಗಳ ಮಾತು. ಹಾಲೆನ್‌ಬಾಕ್ ಅವರ ಅಧ್ಯಯನದಲ್ಲಿದ್ದವರು ಮುಖ್ಯವಾಗಿ ಬಿಳಿಯ ಜನ. ಅಲ್ಲಿ ಸಿಕ್ಕ ಉತ್ತರ ತುಮಕೂರು ಜಿಲ್ಲೆಗೂ ಹೊಂದುವುದೆಂದು ನಂಬಲು ಆಧಾರವಿಲ್ಲ. ಎಚ್‌ಐವಿಯಿಂದ ಕಾಯುವ ಆ ಆನುವಂಶಿಕ ಲೋಪ ಉತ್ತರ ಯೂರೋಪಿನ ಮೂಲದವರಲ್ಲಿ ನೂರಕ್ಕೊಬ್ಬರಿಗೆ ತಂದೆ ತಾಯಿ ಇಬ್ಬರ ಕಡೆಯಿಂದಲೂ ಬಂದಿರುತ್ತದೆ. ಭಾರತೀಯರಲ್ಲಿ ಅದು ಬಲು ಅಪರೂಪ. ಇನ್ನೊಂದು ಕಡೆ, ಕೊರೋನಾವನ್ನು ಉಲ್ಬಣಗೊಳಿಸುವ ಒಂದು ಆನುವಂಶಿಕ ತುಣುಕು ನಿಯಾಂಡರ್ತಲ್ ಮಾನವರಿಂದ ಬಂದದ್ದೆಂದು 2020ರಲ್ಲಿ ಸ್ವಾಂಟೆ ಪಾಬೊ ಮತ್ತು ಹ್ಯೂಗೊ ಸೀಬರ್ಗ್ ತೋರಿಸಿದರು. ಅದನ್ನು ಹೊತ್ತವರು ಯೂರೋಪಿನಲ್ಲಿ ನೂರಕ್ಕೆ ಸುಮಾರು 16. ದಕ್ಷಿಣ ಏಷ್ಯಾದಲ್ಲಿ ಸುಮಾರು 50. ಪ್ರತಿ ನಾಡೂ ತನ್ನ ಜನರ ಲೆಕ್ಕವನ್ನು ತಾನೇ ಬರೆದುಕೊಳ್ಳದೆ ಗತಿಯಿಲ್ಲ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೆ?

ಆ ಬರವಣಿಗೆ ಕರ್ನಾಟಕದಿಂದಲೇ ಆರಂಭವಾಗಿದೆಯೆಂಬುದು ಸಮಾಧಾನದ ಸಂಗತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರ ಮುಂದೆ ನಿಂತು ನಡೆಸಿದ ‘ಜೀನೋಮ್ ಇಂಡಿಯಾ’ ಯೋಜನೆಯಲ್ಲಿ ಇಪ್ಪತ್ತು ಸಂಸ್ಥೆಗಳು ಕೈಗೂಡಿಸಿ, ದೇಶದ ನಾನಾ ಸಮುದಾಯಗಳ 10,000 ಮಂದಿಯ ಆನುವಂಶಿಕ ಲಿಪಿಯನ್ನು ಓದಿದವು. 2025ರ ಜನವರಿಯಲ್ಲಿ ಅದನ್ನು ಸಂಶೋಧಕರಿಗೆ ತೆರೆಯಲಾಯಿತು. ಅದೇ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ದಾಟಿದವರನ್ನು ವರ್ಷವರ್ಷವೂ ಪರೀಕ್ಷಿಸುತ್ತ ಬಂದಿದ್ದಾರೆ. ಅದರ ಗುರಿ ವೈರಸ್ಸಲ್ಲ, ಮುಪ್ಪಿನ ಮರೆವು. ಆದರೆ ಕಾಯಿಲೆ ಬೀಳುವುದಕ್ಕೆ ಮುಂಚೆಯೇ ಆರೋಗ್ಯವಂತನ ಲೆಕ್ಕವನ್ನು ಇಡುವ ಕ್ರಮ ಹಳ್ಳಿಯಲ್ಲಿಯೂ ಸಾಧ್ಯವೆಂಬುದಕ್ಕೆ ಅದು ಸಾಕ್ಷಿ. ಬ್ರಿಟನ್ನಿನಲ್ಲಿ 2006ರಿಂದ 2010ರವರೆಗೆ ಐದು ಲಕ್ಷ ಜನರನ್ನು ಹೀಗೆ ಸೇರಿಸಿಕೊಂಡಿದ್ದರಿಂದಲೇ, ಕೊರೋನಾ ಬಂದಾಗ ಅವರ ಹಳೆಯ ರಕ್ತದ ಅಂಕಿಗಳು ಕೈಗೆ ಸಿದ್ಧವಾಗಿದ್ದವು.

ಇಷ್ಟಾದ ಮೇಲೆ ಒಂದು ಕಟುವಾದ ಪ್ರಶ್ನೆ ಉಳಿಯುತ್ತದೆ. ಒಬ್ಬನ ಮೈಯ ಗುಟ್ಟನ್ನು ಇನ್ನೊಬ್ಬರು ಓದಲು ಅವನು ಏಕೆ ಒಪ್ಪಬೇಕು? ಹೆಸರನ್ನು ಅಳಿಸಿಯೇ ಕೊಡುತ್ತೇವೆಂದು ಸಂಶೋಧಕರು ಹೇಳುವರು. ದೊಡ್ಡ ನಗರಕ್ಕೆ ಈ ಮಾತು ಸರಿಹೋದೀತು. ಇನ್ನೂರು ಮನೆಯ ಹಳ್ಳಿಯಲ್ಲಿ ‘ವಯಸ್ಸು 62, ತೆಂಗಿನ ವ್ಯಾಪಾರ, ಮಧುಮೇಹ, ಒಂದು ಕಣ್ಣಿನ ಶಸ್ತ್ರಕ್ರಿಯೆ’ ಎಂದರೆ ಹೆಸರು ಬೇಕೆ? ಆಸಾಮಿ ಯಾರೆಂದು ನೀರಿಗೆ ಬಂದವರೆಲ್ಲರಿಗೂ ಗೊತ್ತು. ಇಂದು ಜಾತಕ ಕೇಳುವ ಬೀಗರು ನಾಳೆ ಜೀನಿನ ಪಟ್ಟಿಯನ್ನೂ ಕೇಳಬಹುದು; ವಿಮೆಯವರು ಅದನ್ನು ನೋಡಿ ಕಂತನ್ನು ಏರಿಸಬಹುದು. ಈ ಭಯ ಹಗುರವಾದುದಲ್ಲ.

ಇದಕ್ಕೆ ಉಪಾಯಗಳೂ ಉಂಟು. 2020ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 1 ಕೋಟಿ 70 ಲಕ್ಷ ವಯಸ್ಕರ ದಾಖಲೆಗಳಿಂದ ಕೊರೋನಾ ಸಾವಿನ ಕಾರಣಗಳನ್ನು ಹುಡುಕಿದಾಗ, ದಾಖಲೆಗಳು ಮೊದಲಿದ್ದ ಭಂಡಾರವನ್ನು ಬಿಟ್ಟು ಕದಲಲಿಲ್ಲ. ಲೆಕ್ಕ ಮಾಡುವ ಸೂತ್ರವೇ ಅಲ್ಲಿಗೆ ಹೋಗಿ, ಉತ್ತರವನ್ನು ಮಾತ್ರ ಹೊತ್ತು ತಂದಿತು. ಭಾರತದಲ್ಲಿ 2021ರಿಂದ ದೇಶಾದ್ಯಂತ ಹರಡಿದ ಆರೋಗ್ಯ ದಾಖಲೆಯ ಯೋಜನೆಯಲ್ಲಿ ಪ್ರತಿಯೊಬ್ಬನೂ 14 ಅಂಕಿಗಳ ‘ಆಭಾ’ ಸಂಖ್ಯೆಯನ್ನು ಪಡೆಯಬಹುದು. ಒಪ್ಪಿಗೆಯಿಲ್ಲದೆ ದಾಖಲೆಯನ್ನು ಹಂಚಬಾರದೆಂಬುದು ಅದರ ನಿಯಮ. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಶಾಸನವೂ ಆಗಿದೆ. ಆದರೆ ಓದದೆ ಒತ್ತಿದ ಹೆಬ್ಬೆಟ್ಟು ಒಪ್ಪಿಗೆಯಾಗದು. ಯಾರು ಕೇಳುತ್ತಿದ್ದಾರೆ, ಏಕೆ ಕೇಳುತ್ತಿದ್ದಾರೆ, ಫಲ ಬಂದರೆ ಅದು ರಕ್ತ ಕೊಟ್ಟವನ ಊರಿನ ಆಸ್ಪತ್ರೆಗೆ ಮರಳಿ ಬರುವುದೇ, ಬೇಡವೆಂದರೆ ಚಿಕಿತ್ಸೆಗೆ ಅಡ್ಡಿಯಾಗುವುದೇ? ಇವನ್ನು ಕನ್ನಡದಲ್ಲಿ, ಬಿಡಿಸಿ, ತಾಳ್ಮೆಯಿಂದ ಹೇಳಿದ ಬಳಿಕ ಬಂದ ‘ಹೂಂ’ ಮಾತ್ರವೇ ಒಪ್ಪಿಗೆ.

ಇನ್ನೊಂದು ಎಚ್ಚರಿಕೆಯ ಮಾತು. “ನನಗೆ ಆಗ ತಾಗಲಿಲ್ಲ, ಇನ್ನು ಮುಂದೆಯೂ ತಾಗದು” ಎಂದು ಯಾರೂ ಎದೆಯುಬ್ಬಿಸುವಂತಿಲ್ಲ. 2020, 2021ರಲ್ಲಿ ತಪ್ಪಿಸಿಕೊಂಡ ಎಷ್ಟೋ ಮಂದಿ 2022ರ ಆರಂಭದಲ್ಲಿ ಓಮಿಕ್ರಾನ್ ರೂಪಕ್ಕೆ ಸಿಕ್ಕಿಬಿದ್ದರು. ಒಂದು ವೈರಸ್ಸಿಗೆ ಬಗ್ಗದ ಮೈ ಇನ್ನೊಂದಕ್ಕೆ ಬಗ್ಗಬಹುದು. ಅಪರೂಪದ ಕವಚ ತನಗಿದೆಯೆಂದು ನಂಬಿ ಲಸಿಕೆಯನ್ನು ಬಿಡುವುದು, ಈಜು ಬಾರದವನು ಕೆರೆ ಬತ್ತಿದ್ದ ವರ್ಷ ದಾಟಿದ್ದನ್ನು ನೆನೆದು ತುಂಬಿದ ವರ್ಷವೂ ಇಳಿದಂತೆ.

ಹಾಗಾದರೆ ಒಂದು ಸಾಮಾನ್ಯ ಸಂಸಾರ ಮಾಡಬಹುದಾದುದೇನು? ಬಹುಪಾಲು ಮನೆಗಳಲ್ಲಿ ಆರೋಗ್ಯ ದಾಖಲೆಯೆಂದರೆ ಬೀರುವಿನ ಮೇಲಿನ ಒಂದು ಪ್ಲಾಸ್ಟಿಕ್ ಚೀಲ. ಅದರಲ್ಲಿ ಅಜ್ಜನ ಎಕ್ಸ್‌ರೇ, ಮೊಮ್ಮಗನ ಲಸಿಕೆಯ ಕಾರ್ಡು, ಮಧ್ಯೆ ಒಂದು ಹಳೆಯ ವಿದ್ಯುತ್ ಬಿಲ್ಲು. ಆ ಚೀಲವನ್ನು ಒಂದು ಭಾನುವಾರ ಇಳಿಸಿ, ಒಬ್ಬೊಬ್ಬರ ಕಾಗದಗಳನ್ನು ತಾರೀಖಿನ ಕ್ರಮದಲ್ಲಿ ಬೇರ್ಪಡಿಸಿಡುವುದಕ್ಕೆ ಯಾವ ಯಂತ್ರವೂ ಬೇಡ. ಜೊತೆಗೆ ಒಂದು ನೋಟ್‌ಬುಕ್ಕು: ಮನೆಯಲ್ಲಿ ಯಾವಾಗ ಯಾರಿಗೆ ಜ್ವರ ಬಂತು, ಆಗ ಜೊತೆಯಲ್ಲಿದ್ದ ಯಾರಿಗೆ ಬರಲಿಲ್ಲ, ಯಾವ ಲಸಿಕೆಯನ್ನು ಎಂದು ಹಾಕಿಸಿದುದು, ಇಷ್ಟು ಸಾಕು. ನಾಳೆ ವೈದ್ಯರು ಕೇಳಿದಾಗ ತಡವರಿಸದೆ ಉತ್ತರ ಹೇಳಲು ಅದು ಮೊದಲು ಮನೆಯವರಿಗೇ ಉಪಯೋಗ. ಎಂದಾದರೊಂದು ದಿನ ಸಂಶೋಧಕರು ಆ ಊರಿಗೆ ಬಂದು, ವಿಷಯವನ್ನು ತಿಳಿಯಹೇಳಿ, ಒಪ್ಪಿಗೆ ಬೇಡಿದರೆ, ಮಾವನಿಗೆ ಗಂಜಿ ಕಾಯಿಸಿ ಕೊಟ್ಟು ತಾನು ಕೆಮ್ಮದೆ ಉಳಿದ ಸೊಸೆಯ ಹೆಸರೂ ಅದರಲ್ಲಿ ತಾರೀಖಿನೊಡನೆ ಇರುವುದು. ಕೊಡುವುದೋ ಬಿಡುವುದೋ ಆಕೆಯ ಇಷ್ಟ.